ಮಾಸ್ಕ್ ಹಾಕಿಕೊಂಡಾಗ ಮಾತು, ನಗು, ಗುರುತು ಎದುರಿನವರಿಗೆ ಮುಟ್ಟಿಸುವುದು ಹೇಗೆ?

"ಮಾಸ್ಕ್ ಹಾಕಿಕೊಂಡರೆ ನಾನು ಹೇಳಿದ್ದು ಯಾರಿಗೂ ತಿಳಿಯಲ್ಲ, ಏನ್ ಮಾಡ್ಲಿ?" "ನಾನು ನಕ್ಕೆ, ಅವರು ನೋಡಿದ್ರೆ ಮುಖ ಗಂಟು ಹಾಕಿಕೊಂಡಿದ್ದೀನಿ ಅಂದುಕೊಂಡ್ರು." "ಪರಿಚಯದವರು ಎದುರಿಗೇ ಹೋದರೂ ಮಾತಾಡಿಸಲಿಲ್ಲ, ಬೇಜಾರಾಗಿದೆಯಾ ಅವರಿಗೆ?"

ಈ ಮೂರು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತವೆ. ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು, ಆದರೆ ಪ್ರಶ್ನೆಗಳು ಮುಗಿದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿದ್ದಾರೆ, ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವವರಿದ್ದಾರೆ, ನೆಗಡಿ ಬಂದಾಗ ಬೇರೆಯವರಿಗೆ ಹಚ್ಚುವುದು ಬೇಡ ಎನ್ನುವವರಿದ್ದಾರೆ. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ಮತ್ತೆ ಎಲ್ಲರದೂ ಇದೇ ಪಾಡು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಸ್ಕ್ ಬೇಕೋ ಬೇಡವೋ ಎಂಬ ಜಗಳ ಇಲ್ಲಿಲ್ಲ. ಬೇಕಾದ ಕಡೆ ಹಾಕಿಕೊಳ್ಳಬೇಕು, ಅಷ್ಟೇ. ಹಾಕಿಕೊಂಡ ಮೇಲೆ ಜನರ ಜೊತೆ ಹೇಗಿರುವುದು ಎಂಬುದು ಈ ಬರಹ. ಇಷ್ಟು ದಿನ ನಿಮ್ಮ ಮುಖ ಹೇಳದೆ ಕೇಳದೆ ಮಾಡಿಕೊಂಡು ಹೋಗುತ್ತಿದ್ದ ಕೆಲಸವನ್ನು ಈಗ ಬಾಯಿಬಿಟ್ಟು ಹೇಳಿ ಮಾಡಬೇಕು. ಕೆಳಗಿನ ಹಂತಗಳೆಲ್ಲ ಇದರ ವಿವರ.

ಮೊದಲು ತಿಳಿಯಬೇಕಾದ್ದು: ಏನೇನು ಕಳೆದುಹೋಗುತ್ತದೆ?

ದನಿಯಿಂದ ಶುರು ಮಾಡೋಣ. ಮಾಸ್ಕ್ ಎಲ್ಲ ಸದ್ದನ್ನೂ ಒಂದೇ ಸಮನಾಗಿ ತಗ್ಗಿಸುವುದಿಲ್ಲ. ಕೀರಲು ಸದ್ದನ್ನು, ಅಂದರೆ ಸೆಕೆಂಡಿಗೆ ಜಾಸ್ತಿ ಸಲ ಕಂಪಿಸುವ ಸದ್ದನ್ನು, ಹೆಚ್ಚು ನುಂಗುತ್ತದೆ. ಈ ಕಂಪನದ ಅಳತೆಗೆ ಹರ್ಟ್ಜ್ ಎನ್ನುತ್ತಾರೆ, ಸದ್ದು ಎಷ್ಟು ಜೋರು ಎಂಬುದರ ಅಳತೆಗೆ ಡೆಸಿಬೆಲ್. 2000ದಿಂದ 7000 ಹರ್ಟ್ಜ್ ನಡುವೆ ಸಾಮಾನ್ಯ ಸರ್ಜಿಕಲ್ ಮಾಸ್ಕ್ 3ರಿಂದ 4 ಡೆಸಿಬೆಲ್ ಕಡಿಮೆ ಮಾಡುತ್ತದೆ, ಎನ್-95 ಸುಮಾರು 12 ಡೆಸಿಬೆಲ್‌ವರೆಗೆ. ಸ, ಶ, ಚ, ತ, ಕ ಇವುಗಳ ಸ್ಪಷ್ಟತೆ ಇರುವುದು ಹೆಚ್ಚುಕಡಿಮೆ ಅಲ್ಲೇ. ಅ, ಆ, ಓ ಥರದ ಸ್ವರಗಳು ಮಾತ್ರ ಆರಾಮಾಗಿ ದಾಟಿ ಬರುತ್ತವೆ. ಅದಕ್ಕೇ ಎದುರಿನವರು "ಕೇಳಿಸ್ತು, ಆದ್ರೆ ಗೊತ್ತಾಗ್ಲಿಲ್ಲ" ಎನ್ನುವುದು. ಆ ಎರಡೂ ಬೇರೆ ಬೇರೆ, ನೆನಪಿರಲಿ.

ಎರಡನೆಯದು ತುಟಿ. "ನನಗೇನು ಕಿವುಡಾ, ತುಟಿ ನೋಡಿ ಅರ್ಥ ಮಾಡಿಕೊಳ್ಳೋಕೆ?" ಎಂದುಕೊಳ್ಳಬೇಡಿ. ನಾವೆಲ್ಲ ಗೊತ್ತಿಲ್ಲದೆ ತುಟಿ ಓದುತ್ತಲೇ ಇರುತ್ತೇವೆ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಇದನ್ನು ತೋರಿಸಿದರು: ಕಿವಿಗೆ 'ಬ' ಕೇಳಿಸುತ್ತಾ, ಕಣ್ಣಿಗೆ 'ಗ' ಅನ್ನುವ ಬಾಯಿ ತೋರಿಸಿದರೆ, ಬಹಳ ಜನಕ್ಕೆ ಕೇಳಿಸುವುದು ಎರಡೂ ಅಲ್ಲ, 'ಡ'! ಇದಕ್ಕೆ ಮೆಗರ್ಕ್ ಪರಿಣಾಮ ಎಂದೇ ಹೆಸರು. ಗದ್ದಲ ಜಾಸ್ತಿಯಾದಷ್ಟೂ ಕಣ್ಣಿನ ಸಹಾಯವೂ ಜಾಸ್ತಿ ಬೇಕಾಗುತ್ತದೆ.

ಮೂರನೆಯದು ಮುಖದ ಭಾವ. 2020ರಲ್ಲಿ ಜರ್ಮನಿಯ ಮನೋವಿಜ್ಞಾನಿ ಕ್ಲಾಸ್-ಕ್ರಿಶ್ಚಿಯನ್ ಕಾರ್ಬನ್ ಮಾಸ್ಕ್ ಇರುವ, ಇಲ್ಲದ ಮುಖಗಳ ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಮಾಸ್ಕ್ ಹಾಕಿದ ಮುಖದ ಮೇಲಿನ ಅಸಹ್ಯದ ಭಾವ ಜನರಿಗೆ ಕೋಪದಂತೆ ಕಂಡಿತು. ಖುಷಿ, ದುಃಖ ಇವೆಲ್ಲ ಎಷ್ಟೋ ಜನಕ್ಕೆ ಏನೂ ಇಲ್ಲದ ಬರೀ ಮುಖದಂತೆ ಕಂಡವು. ಹೆದರಿಕೆ ಮಾತ್ರ ಕಣ್ಣಲ್ಲೇ ಇರುವುದರಿಂದ ಬಚಾವಾಯಿತು.

ಬೇಕಾದ ಸಾಮಾನು

ಜಾಸ್ತಿ ಏನಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಒಂದು ಪುಟ್ಟ ನೋಟ್‌ಬುಕ್ಕು ಮತ್ತು ದಪ್ಪ ನಿಬ್ಬಿನ ಪೆನ್ನು, ಫೋನಿನಲ್ಲಿ ಮಾತನ್ನು ಬರಹ ಮಾಡಿ ತೋರಿಸುವ ಆ್ಯಪ್. ಸಾಧ್ಯವಾದರೆ ಬಾಯಿಯ ಜಾಗದಲ್ಲಿ ಪಾರದರ್ಶಕ ಹಾಳೆ ಇರುವ ಮಾಸ್ಕ್ ಒಂದೆರಡು. ದಿನವಿಡೀ ಮಾತಾಡುವ ಕೆಲಸವಾದರೆ ಕಾಲರಿಗೆ ಸಿಕ್ಕಿಸುವ ಮೈಕು.

ಹಂತ 1: ಜಾಗ ನೋಡಿ ಮಾಸ್ಕ್ ಆರಿಸಿ

ಮಾತಿನ ವಿಷಯಕ್ಕಷ್ಟೇ ನೋಡಿದರೆ ಮೂರು ಪದರದ ಸರ್ಜಿಕಲ್ ಮಾಸ್ಕೇ ವಾಸಿ. ಸೋಂಕಿನ ಅಪಾಯ ಜಾಸ್ತಿ ಇರುವ ಕಡೆ ಎನ್-95 ಹಾಕಿ, ಮಾತಿಗಾಗಿ ಅದನ್ನು ಬಿಡಬೇಡಿ. ಪಾರದರ್ಶಕ ಮಾಸ್ಕ್ ಬಗ್ಗೆ ಬಹಳ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. ತುಟಿ ಕಾಣುತ್ತದೆ, ಸರಿ, ಆದರೆ ಪ್ಲಾಸ್ಟಿಕ್ ಹಾಳೆ ಸದ್ದನ್ನು ಬಟ್ಟೆಗಿಂತ ಜಾಸ್ತಿ ತಡೆಯುತ್ತದೆ. ತುಟಿ ಓದುವವರಿಗೆ ಅದು ವರ, ಹಿಂದೆ ಕೂತು ಬರೀ ಕಿವಿಯಿಂದ ಕೇಳುವವರಿಗೆ ಕಷ್ಟ. ಉಸಿರಿನ ಹಬೆ ಕೂತು ಸ್ವಲ್ಪ ಹೊತ್ತಿಗೆ ಮಸುಕಾಗುವುದು ಬೇರೆ.

ಮನೆಯಿಂದ ಹೊರಡುವ ಮುಂಚೆ ಕನ್ನಡಿ ಮುಂದೆ ನಿಂತು ಒಂದರಿಂದ ಇಪ್ಪತ್ತರವರೆಗೆ ಜೋರಾಗಿ ಎಣಿಸಿ. ಅಷ್ಟರಲ್ಲಿ ಮಾಸ್ಕ್ ಮೂಗಿನಿಂದ ಜಾರಿದರೆ ಅದು ನಿಮ್ಮ ಅಳತೆಯದಲ್ಲ. ಹೀಗೆ ಜಾರುವ ಮಾಸ್ಕ್ ಹಾಕಿದವರ ಕೈ ಪದೇ ಪದೇ ಮುಖಕ್ಕೇ ಹೋಗುತ್ತದೆ, ಎದುರಿನವರ ಗಮನ ಮಾತು ಬಿಟ್ಟು ಆ ಕೈ ಮೇಲೆ ಕೂರುತ್ತದೆ. ಕನ್ನಡಕ ಇರುವವರು ಮೂಗಿನ ಮೇಲಿನ ತಂತಿಯನ್ನು ಎರಡು ಬೆರಳಿಂದ ಒತ್ತಿ ಕೂರಿಸಿ, ಕನ್ನಡಕವನ್ನು ಮಾಸ್ಕಿನ ಅಂಚಿನ ಮೇಲೆ ಇಡಿ. ಕಾಣುವುದೇ ಎರಡು ಕಣ್ಣು, ಅದಕ್ಕೂ ಹಬೆ ಹಿಡಿದರೆ ಮುಗಿಯಿತು.

ಹಂತ 2: ಕಿರುಚಬೇಡಿ, ಬಿಡಿಸಿ ಹೇಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಕೇಳಿಸಲಿಲ್ಲ ಎಂದಕೂಡಲೇ ದನಿ ಏರಿಸುತ್ತೇವೆ. ಗದ್ದಲದಲ್ಲಿ ತಾನಾಗಿಯೇ ದನಿ ಏರುವ ಈ ಅಭ್ಯಾಸಕ್ಕೆ ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ. ಇದನ್ನು 1911ರಲ್ಲೇ ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ ಗುರುತಿಸಿದ್ದರು. ಕಿರುಚಿದಾಗ ಏನಾಗುತ್ತದೆ ನೋಡಿ: ಜೋರಾಗುವುದು ಮುಖ್ಯವಾಗಿ ಸ್ವರಗಳು, ಅವು ಮೊದಲೇ ಕೇಳಿಸುತ್ತಿದ್ದವು. ಕಳೆದುಹೋಗಿದ್ದು ವ್ಯಂಜನಗಳು, ಅವು ಇನ್ನೂ ಮಾಸ್ಕಿನೊಳಗೇ ಇವೆ. ಮೇಲಾಗಿ ಬಾಯಿ ಕಾಣದೆ ಬರೀ ಏರಿದ ದನಿ ಬಂದರೆ ಅದು ಬೈಗುಳದ ಥರವೇ ಕೇಳುತ್ತದೆ. "ನಾನೆಲ್ಲಿ ಬೈದೆ?" ಎಂದು ಆಮೇಲೆ ಆಶ್ಚರ್ಯಪಟ್ಟರೆ ಏನು ಬಂತು!

ಹಾಗಾದರೆ ಮಾಡಬೇಕಾದ್ದೇನು? ನಿಧಾನವಾಗಿ, ಬಾಯಿಯನ್ನು ಮಾಸ್ಕಿನೊಳಗೇ ಪೂರ್ತಿ ಆಡಿಸಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳಿ.

ಕನ್ನಡದಲ್ಲಿ ಮಾತಾಡುವವರಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಇದೆ. ನಮ್ಮ ಭಾಷೆಯಲ್ಲಿ ಹೌದು-ಅಲ್ಲ ಕೂತಿರುವುದು ವಾಕ್ಯದ ಬಾಲದಲ್ಲಿ. "ನಾಳೆ ಡಾಕ್ಟರು ಬರ್ತಾರೆ", "ನಾಳೆ ಡಾಕ್ಟರು ಬರಲ್ಲ". ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ಕಡಿಮೆಯಾಗಿ ದನಿ ಇಳಿದಿರುತ್ತದೆ, ಉಳಿದದ್ದನ್ನು ಮಾಸ್ಕ್ ನುಂಗುತ್ತದೆ, ಕೇಳುವವರಿಗೆ ಸಿಗುವುದು "ನಾಳೆ ಡಾಕ್ಟರು ಬರ..." ಅಷ್ಟೇ. ಮುಂದಿನದನ್ನು ಅವರು ತಮಗೆ ಬೇಕಾದ ಹಾಗೆ ಪೂರೈಸಿಕೊಳ್ಳುತ್ತಾರೆ. ಹಾಗಾಗಿ ಕೊನೆಯ ಪದಕ್ಕೆ ದನಿ ಉಳಿಸಿಕೊಳ್ಳಿ. ಇಲ್ಲ ಎನ್ನುವ ಮಾತಾದರೆ ಮೊದಲಲ್ಲೇ ಹೇಳಿ: "ಇಲ್ಲ. ಡಾಕ್ಟರು ನಾಳೆ ಬರಲ್ಲ." ಜೊತೆಗೆ ತಲೆಯನ್ನೂ ಅಲ್ಲಾಡಿಸಿ.

ಸಂಖ್ಯೆಗಳು ಇನ್ನೊಂದು ಗುಂಡಿ. ಎಪ್ಪತ್ತು, ಎಂಬತ್ತು, ಇಪ್ಪತ್ತು ಈ ಮೂರೂ ಮಾಸ್ಕ್ ಹಿಂದಿನಿಂದ ಬಂದರೆ ಅಣ್ಣತಮ್ಮಂದಿರ ಥರ ಇರುತ್ತವೆ. ಒಂದೊಂದೇ ಅಂಕಿ ಹೇಳಿ: "ಏಳು, ನಾಲ್ಕು, ಎಪ್ಪತ್ತನಾಲ್ಕು." ಬೆರಳಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು. ಹೊತ್ತು ಹೇಳುವಾಗಲೂ ಅಷ್ಟೇ. ನಾನೊಮ್ಮೆ "ಹತ್ತೂವರೆಗೆ ಬನ್ನಿ" ಎಂದಿದ್ದನ್ನು ಒಬ್ಬರು "ಹತ್ತರವರೆಗೆ" ಎಂದು ಕೇಳಿಸಿಕೊಂಡು, ಒಂಬತ್ತಕ್ಕೇ ಬಂದು ಕಾದು, ಹತ್ತಕ್ಕೆ ಎದ್ದು ಹೋಗಿದ್ದರು. ತಪ್ಪು ನನ್ನದೇ. "ಹತ್ತು ಗಂಟೆ ಮೂವತ್ತು ನಿಮಿಷ" ಎಂದಿದ್ದರೆ ಸಾಕಿತ್ತು.

ಒಂದೇ ವಾಕ್ಯವನ್ನು ಮೂರನೇ ಸಲ ಹೇಳಬೇಡಿ. ಎರಡು ಸಲಕ್ಕೆ ತಿಳಿಯದಿದ್ದರೆ ಬೇರೆ ಪದ ಹಾಕಿ. "ಚೀಟಿ ತಂದಿದ್ದೀರಾ?" ತಿಳಿಯದಿದ್ದರೆ "ಡಾಕ್ಟರು ಬರೆದುಕೊಟ್ಟ ಕಾಗದ ಇದೆಯಾ?" ಎಂದು ಕೇಳಿ. ಒಂದು ಪದ ಸಿಕ್ಕರೂ ಉಳಿದದ್ದನ್ನು ಅವರೇ ಹಿಡಿಯುತ್ತಾರೆ. ಕೇಳುವವರು ನೀವಾದರೆ ಸುಮ್ನೆ "ಆಂ?" ಎನ್ನಬೇಡಿ. ಎಷ್ಟು ತಿಳಿಯಿತು ಅಂತ ಹೇಳಿ: "ನಾಳೆ ಅನ್ನೋವರೆಗೆ ತಿಳೀತು, ಎಷ್ಟು ಹೊತ್ತಿಗೆ ಅಂದ್ರಿ?" ಆಗ ಅವರು ಇಡೀ ಪುರಾಣ ಮತ್ತೆ ಓದಬೇಕಾಗಿಲ್ಲ.

*ಎಚ್ಚರಿಕೆ:* ಮಾತಾಡಲೆಂದು ಮಾಸ್ಕ್ ಕೆಳಗೆ ಎಳೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸುಮ್ಮನೆ ಕೂತಾಗ ಮೂಗು ಬಾಯಿ ಮುಚ್ಚಿಕೊಂಡು, ಮಾತಾಡುವಾಗ ಮಾತ್ರ ಗಲ್ಲಕ್ಕೆ ಇಳಿಸಿದರೆ ಹಾಕಿಯೂ ಪ್ರಯೋಜನವಿಲ್ಲ, ಏಕೆಂದರೆ ಉಸಿರಿನ ಹನಿಗಳು ಹೆಚ್ಚು ಹೊರಬೀಳುವುದೇ ಮಾತಾಡುವಾಗ. ಇನ್ನೂ ಹತ್ತಿರ ಬಗ್ಗಿ ಕಿವಿಯಲ್ಲಿ ಹೇಳುವುದೂ ಇದೇ ಜಾತಿಗೆ ಸೇರಿದ್ದು. ಬಗ್ಗುವ ಬದಲು ಫ್ಯಾನು, ಟಿವಿ ಆರಿಸಿ, ಇಲ್ಲವೇ ಗದ್ದಲವಿಲ್ಲದ ಮೂಲೆಗೆ ಕರೆದುಕೊಂಡು ಹೋಗಿ.

ಪಾಠ ಮಾಡುವವರು, ಕೌಂಟರಿನಲ್ಲಿ ಕೂರುವವರು ಗಂಟಲನ್ನು ನೋಡಿಕೊಳ್ಳಿ. ಆಗಾಗ ಗುಟುಕು ನೀರು, ಸಾಧ್ಯವಾದರೆ ಮೈಕು. ಸಂಜೆಗೆ ದನಿ ಒಡೆಯುತ್ತಿದ್ದರೆ ನೀವು ಇನ್ನೂ ಕಿರುಚುತ್ತಿದ್ದೀರಿ ಎಂದರ್ಥ.

ಹಂತ 3: ಯಾರು ಮಾತಾಡುತ್ತಿದ್ದಾರೆ ಎಂದು ತೋರಿಸಿ

ನಾಲ್ಕು ಜನ ಮಾಸ್ಕ್ ಹಾಕಿಕೊಂಡು ಒಂದು ಮೇಜಿನ ಸುತ್ತ ಕೂತಿದ್ದಾರೆ ಎಂದುಕೊಳ್ಳಿ. ಎಲ್ಲಿಂದಲೋ ದನಿ ಬರುತ್ತದೆ, ಯಾರದೆಂದು ತಿಳಿಯದು, ಎಲ್ಲರೂ ಒಬ್ಬರ ಕಣ್ಣು ಒಬ್ಬರು ನೋಡುತ್ತಾರೆ. ಮಾಮೂಲಿ ದಿನಗಳಲ್ಲಿ ಒಬ್ಬರು ಮಾತಾಡಬೇಕೆಂದಾಗ ಬಾಯಿ ಸ್ವಲ್ಪ ತೆರೆಯುತ್ತದೆ, ಅದನ್ನು ನೋಡಿಯೇ ನಾವು ತಡೆದುಕೊಳ್ಳುತ್ತೇವೆ. ಈಗ ಆ ಸುಳಿವಿಲ್ಲ. ಹಾಗಾಗಿ ಇಬ್ಬರು ಒಟ್ಟಿಗೆ ಶುರು ಮಾಡಿ, ಇಬ್ಬರೂ ನಿಲ್ಲಿಸಿ, "ನೀವ್ ಹೇಳಿ", "ಇಲ್ಲ, ನೀವ್ ಹೇಳಿ" ಎಂದು ಎಳೆದಾಡುತ್ತಾರೆ.

ಮದ್ದು ಸುಲಭ. ಮಾತು ಶುರು ಮಾಡುವ ಮುಂಚೆ ಕೈ ಸ್ವಲ್ಪ ಎತ್ತಿ, ಯಾರಿಗೆ ಹೇಳುತ್ತೀರೋ ಅವರ ಹೆಸರು ಹಿಡಿದು ಕರೆಯಿರಿ, ಅವರು ನಿಮ್ಮ ಕಡೆ ತಿರುಗಿದ ಮೇಲೆ ವಿಷಯ ಹೇಳಿ. ಬೆನ್ನ ಹಿಂದಿನಿಂದ ಮಾತಾಡಬೇಡಿ. ಕಂಪ್ಯೂಟರ್ ನೋಡಿಕೊಂಡು ಮಾತಾಡುವುದಂತೂ ಬೇಡವೇ ಬೇಡ.

ಹಂತ 4: ನಗುವನ್ನು ಕಣ್ಣು, ಕತ್ತು, ದನಿಗೆ ವರ್ಗಾಯಿಸಿ

ನಗುವಿನಲ್ಲಿ ಎರಡು ಬಗೆ ಇದೆ. ಮನಸಾರೆ ನಕ್ಕಾಗ ತುಟಿಯ ತುದಿ ಮೇಲೇಳುವುದರ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯಾಗಿ ಕಣ್ಣಂಚಲ್ಲಿ ಗೆರೆ ಮೂಡುತ್ತದೆ. 19ನೇ ಶತಮಾನದ ಫ್ರೆಂಚ್ ವೈದ್ಯ ದುಶೆನ್ ಇದನ್ನು ವಿವರಿಸಿದ್ದರಿಂದ ಅದಕ್ಕೆ ದುಶೆನ್ ನಗು ಎನ್ನುತ್ತಾರೆ. ಇದು ಮಾಸ್ಕ್ ಮೇಲಿಂದಲೂ ಕಾಣುತ್ತದೆ. ಕಾಣದೆ ಹೋಗುವುದು ಇನ್ನೊಂದು: ಲಿಫ್ಟಿನಲ್ಲಿ ಜಾಗ ಬಿಟ್ಟವರಿಗೆ, ಬಾಗಿಲು ಹಿಡಿದು ನಿಂತವರಿಗೆ, ಕಣ್ಣಿಗೆ ಕಣ್ಣು ಸಿಕ್ಕ ಅಪರಿಚಿತರಿಗೆ ಕೊಡುವ ಆ ಪುಟ್ಟ ಮರ್ಯಾದೆಯ ನಗು. ಅದು ಬರೀ ತುಟಿಯ ಕೆಲಸ. ಮಾಸ್ಕ್ ಬಂದ ಮೇಲೆ ನಾವು ದಿನಕ್ಕೆ ಎಷ್ಟೋ ಸಲ ಹಾಗೆ ನಕ್ಕು, ಒಂದೂ ಯಾರಿಗೂ ಮುಟ್ಟದೆ ಹೋಗುತ್ತದೆ. ನನ್ನನ್ನು ಕೇಳಿದರೆ ಮಾಸ್ಕಿನಿಂದಾದ ದೊಡ್ಡ ನಷ್ಟ ಇದೇ.

ಅದರ ಬದಲು ತಲೆಯನ್ನು ಒಮ್ಮೆ ಬಾಗಿಸಿ, ಕೈ ಸ್ವಲ್ಪ ಎತ್ತಿ, ಇಲ್ಲವೇ ಬಾಯಿಬಿಟ್ಟು "ಥ್ಯಾಂಕ್ಸ್" ಎನ್ನಿ. ಕೇಳುವಾಗ "ಹೂಂ", "ಹೌದಾ", "ಸರಿ" ಎನ್ನುತ್ತಾ ಇರಿ. ಮಾಸ್ಕ್ ಹಾಕಿ ಸುಮ್ಮನೆ ಕೇಳುತ್ತಾ ಕೂತರೆ ನಿಮಗೆ ಬೋರಾಗಿದೆ ಎಂದೇ ಎದುರಿನವರು ಅಂದುಕೊಳ್ಳುತ್ತಾರೆ. ಭಾವವನ್ನು ಮಾತಿಗೆ ತರುವುದು ಮೊದಲು ಸ್ವಲ್ಪ ನಾಟಕ ಅನಿಸುತ್ತದೆ. "ಕೇಳಿ ಖುಷಿಯಾಯ್ತು" ಎನ್ನಿ, "ಇದು ನನಗೆ ಸರಿಹೋಗ್ತಿಲ್ಲ" ಎನ್ನಿ. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಮಾಸ್ಕ್ ಇದೆ ಎಂದು ನಗುವುದನ್ನೇ ಬಿಡಬೇಡಿ. ನಕ್ಕರೆ ದನಿಯೂ ಬದಲಾಗುತ್ತದೆ. ಫೋನಿನಲ್ಲಿ ಮಾತಾಡುವವರು ನಗುತ್ತಿದ್ದಾರೆಂದು ನಮಗೆ ಗೊತ್ತಾಗುತ್ತದಲ್ಲ, ಹಾಗೆ.

*ಎಚ್ಚರಿಕೆ:* ತಮಾಷೆಗೆ ಕಾಲೆಳೆಯುವುದನ್ನು ಮಾಸ್ಕ್ ಇರುವಾಗ ಕಡಿಮೆ ಮಾಡಿ. "ಏನಪ್ಪಾ, ಈಗ ಬಂದ್ಯಾ?" ಎಂಬ ಮಾತು ತಮಾಷೆ ಎಂದು ಹೇಳುತ್ತಿದ್ದುದೇ ತುಟಿಯಂಚಿನ ನಗು. ಅದಿಲ್ಲದಿದ್ದರೆ ಉಳಿಯುವುದು ಚುಚ್ಚುಮಾತು. ಇನ್ನು ಕೆಲವರು ಭಾವ ತೋರಿಸಲು ಕಣ್ಣನ್ನು ಅರಳಿಸುತ್ತಾರೆ, ನೋಡುವವರಿಗೆ ಏನೋ ಅನಾಹುತ ಆಗಿದೆ ಎನಿಸುತ್ತದೆ.

ಹಂತ 5: ಹೆಸರು ಹೇಳಿ ಶುರು ಮಾಡಿ

ಗುರುತು ಸಿಗದಿರುವುದು ಸೊಕ್ಕಲ್ಲ. ನಾವು ಮುಖವನ್ನು ಕಣ್ಣು, ಮೂಗು, ಬಾಯಿ ಎಂದು ಬಿಡಿಬಿಡಿಯಾಗಿ ಓದುವುದಿಲ್ಲ, ಒಟ್ಟಾಗಿ ಒಂದೇ ಚಿತ್ರವಾಗಿ ಓದುತ್ತೇವೆ, ಮಾಸ್ಕ್ ಆ ಒಟ್ಟು ಚಿತ್ರವನ್ನೇ ಮುರಿಯುತ್ತದೆ. 2020ರ ಒಂದು ಅಧ್ಯಯನದಲ್ಲಿ ಮಾಸ್ಕ್ ಹಾಕಿದ ಮುಖಗಳನ್ನು ಗುರುತಿಸುವ ಶಕ್ತಿ ಸುಮಾರು 15 ಶೇಕಡಾ ಇಳಿದಿತ್ತು. ಯಂತ್ರಗಳೂ ಎಡವಿದವು. ಕೋವಿಡ್‌ಗೆ ಮುಂಚೆ ತಯಾರಾಗಿದ್ದ ಮುಖ ಗುರುತಿಸುವ ಸಾಫ್ಟ್‌ವೇರ್‌ಗಳನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2020ರಲ್ಲಿ ಪರೀಕ್ಷಿಸಿದಾಗ, ಮಾಸ್ಕ್ ಇರುವ ಮುಖಗಳಲ್ಲಿ ಒಳ್ಳೊಳ್ಳೆಯವೂ 5ರಿಂದ 50 ಶೇಕಡಾ ತಪ್ಪು ಮಾಡಿದವು. ಇನ್ನು ನಮ್ಮ ಪಕ್ಕದ ಮನೆಯವರು ಯಾವ ಲೆಕ್ಕ!

ಹಾಗಾಗಿ ಎದುರಿಗೆ ಸಿಕ್ಕವರಿಗೆ ಮೊದಲು ನಿಮ್ಮ ಹೆಸರು, ಆಮೇಲೆ ಎಲ್ಲಿಯ ಪರಿಚಯ ಎಂಬುದನ್ನು ಹೇಳಿಬಿಡಿ. "ಯಾರು ಹೇಳಿ ನೋಡೋಣ?" ಎಂಬ ಪರೀಕ್ಷೆ ಮಾತ್ರ ದಯವಿಟ್ಟು ಬೇಡ. ಮಾಸ್ಕ್ ಇಲ್ಲದಾಗಲೇ ಅದು ಹಿಂಸೆ. ನಿಮಗೆ ಗುರುತು ಸಿಗದಿದ್ದರೆ "ಮಾಸ್ಕ್ ಇದೆಯಲ್ಲ, ತಿಳೀಲಿಲ್ಲ, ಯಾರು?" ಎಂದು ನೇರವಾಗಿ ಕೇಳಿ. ಗೊತ್ತಿರುವ ಹಾಗೆ ತಲೆಯಾಡಿಸುತ್ತಾ ಹತ್ತು ನಿಮಿಷ ಕಳೆದ ಮೇಲೆ ಕೇಳುವುದಕ್ಕಿಂತ ಇದು ವಾಸಿ.

ಹಂತ 6: ಕಿವಿ ಮಂದವಾದವರ ಜೊತೆ

ಕಿವಿಯ ತೊಂದರೆಗೆ ಚಿಕಿತ್ಸೆಯೋ ನೆರವೋ ಬೇಕಾದವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ತಮಗೆ ಕಿವಿ ಮಂದವಾಗಿದೆ ಎಂದು ಎಷ್ಟೋ ಹಿರಿಯರಿಗೆ ಗೊತ್ತಾಗಿದ್ದೇ ಎದುರಿನವರು ಮಾಸ್ಕ್ ಹಾಕಿದ ಮೇಲೆ. ಅಲ್ಲಿಯವರೆಗೆ ತುಟಿ ನೋಡಿ ನಿಭಾಯಿಸುತ್ತಿದ್ದರು.

ಅವರ ಜೊತೆ ಬರೆದು ತೋರಿಸಿ, ಇಲ್ಲವೇ ಫೋನಿನ ಆ್ಯಪ್ ಮುಂದೆ ಹಿಡಿಯಿರಿ. ಪಾರದರ್ಶಕ ಮಾಸ್ಕ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ನೋಡಿ ಮಾತಾಡಬೇಡಿ, ಅವರನ್ನೇ ನೋಡಿ ಮಾತಾಡಿ. ತಿಳಿಯದಿದ್ದಾಗ "ಇರ್ಲಿ ಬಿಡಿ, ಏನಿಲ್ಲ" ಎಂದು ಕೈಬಿಡುವುದು ಬಹಳ ನೋಯಿಸುತ್ತದೆ. ಹೇಳಬೇಕಾದ್ದು ಸಣ್ಣದೇ ಇರಲಿ, ಬರೆದಾದರೂ ಹೇಳಿ ಮುಗಿಸಿ. ಸನ್ನೆ ಭಾಷೆ ಆಡುವವರಿಗೆ ಮಾಸ್ಕಿನಿಂದ ಇನ್ನೊಂದು ಪೆಟ್ಟು. ಅವರಿಗೆ ಬಾಯಿ, ಕೆನ್ನೆಯ ಚಲನೆ ಬರೀ ಭಾವವಲ್ಲ, ವ್ಯಾಕರಣದ ಭಾಗ.

ಹಿಯರಿಂಗ್ ಏಡ್ ಹಾಕುವವರು ಗಮನಿಸಿ: ಮಾಸ್ಕಿನ ದಾರ, ಕನ್ನಡಕದ ಕಡ್ಡಿ, ಹಿಯರಿಂಗ್ ಏಡ್ ಮೂರೂ ಒಂದೇ ಕಿವಿಯ ಹಿಂದೆ. ಮಾಸ್ಕನ್ನು ಸರಕ್ಕನೆ ಎಳೆದರೆ ಯಂತ್ರ ಹಾರಿ ಬೀಳುತ್ತದೆ. ತಲೆಯ ಹಿಂದೆ ಕಟ್ಟುವ ದಾರದ ಮಾಸ್ಕ್ ತೆಗೆದುಕೊಳ್ಳಿ. ಕಿವಿಗೆ ಸಿಕ್ಕಿಸುವುದೇ ಆದರೆ ಎರಡೂ ಕೈಯಲ್ಲಿ ದಾರ ಹಿಡಿದು ನಿಧಾನಕ್ಕೆ ಬಿಡಿಸಿ, ಬಿಡಿಸಿದ ಕೂಡಲೇ ಕಿವಿ ಮುಟ್ಟಿ ನೋಡಿಕೊಳ್ಳಿ.

ಹಂತ 7: ಮಕ್ಕಳ ಜೊತೆ

ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟಿನಲ್ಲೇ ಹೇಳಿದ್ದವು. ನೀವು ಹಾಕಿಕೊಂಡು ಮಗುವಿನ ಹತ್ತಿರ ಹೋಗಬೇಕಾದರೆ, ಮೊದಲು ದೂರ ನಿಂತು ಪೂರ್ತಿ ಮುಖ ತೋರಿಸಿ, ಮಗು ನೋಡುತ್ತಿರುವಾಗಲೇ ಮಾಸ್ಕ್ ಹಾಕಿ, ಅದೇ ದನಿಯಲ್ಲಿ ಮಾತು ಮುಂದುವರಿಸಿ. ಮಾಸ್ಕ್ ಹಾಕಿಕೊಂಡೇ ಬಾಗಿಲಲ್ಲಿ ಬಂದು ನಿಂತರೆ ಗೊತ್ತಿರುವ ಮಗುವೂ ಅಮ್ಮನ ಹಿಂದೆ ಸೇರಿಕೊಳ್ಳುತ್ತದೆ.

ಮಾತು ಕಲಿಯುವ ಕೂಸುಗಳು ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ ಕಣ್ಣಿನ ಬದಲು ಮಾತಾಡುವವರ ಬಾಯಿಯನ್ನೇ ಹೆಚ್ಚು ನೋಡತೊಡಗುತ್ತವೆ. ಮನೆಯೊಳಗೆ ಎಲ್ಲರೂ ಹುಷಾರಾಗಿದ್ದರೆ, ಮಾಸ್ಕ್ ಇಲ್ಲದೆ ಅವುಗಳ ಎದುರಿಗೆ ಕೂತು ಜಾಸ್ತಿ ಮಾತಾಡಿ.

ಹಂತ 8: ಹಾಕದವರನ್ನು ಕೇಳುವಾಗ

ಇದು ಹೊಸ ಜಗಳವಲ್ಲ. 1918ರ ಫ್ಲೂ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ಕಡ್ಡಾಯವಾದಾಗ ಹಾಕದವರಿಗೆ ದಂಡ ಬಿತ್ತು. 1919ರ ಜನವರಿಯಲ್ಲಿ ಅಲ್ಲಿ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿತು. ಬೈದು ಯಾರಿಗೂ ಮಾಸ್ಕ್ ಹಾಕಿಸಲು ಆಗುವುದಿಲ್ಲ. "ನೀವ್ಯಾಕೆ ಹಾಕಿಲ್ಲ?" ಎನ್ನುವ ಬದಲು ನಿಮ್ಮ ಕಾರಣ ಹೇಳಿ: "ಮನೆಯಲ್ಲಿ ಹುಷಾರಿಲ್ಲದವರು ಇದ್ದಾರೆ, ಸ್ವಲ್ಪ ಹಾಕಿಕೊಳ್ತೀರಾ? ನನ್ನತ್ರ ಹೊಸದು ಇದೆ." ಬ್ಯಾಗಿನಲ್ಲಿ ಒಂದೆರಡು ಜಾಸ್ತಿ ಇಟ್ಟುಕೊಂಡಿರಿ. ಒಪ್ಪದಿದ್ದರೆ ದೂರ ಸರಿಯಿರಿ, ವಾದ ಬೇಡ. ಉಸಿರಿನ ತೊಂದರೆಯಿಂದಲೋ ಬೇರೆ ಕಾರಣದಿಂದಲೋ ಹಾಕಲಾಗದವರೂ ಇರುತ್ತಾರೆ, ಅದನ್ನು ಅವರು ದಾರಿಯಲ್ಲಿ ನಿಂತು ನಿಮಗೆ ವಿವರಿಸಬೇಕಾಗಿಲ್ಲ. ಹಾಗೆಯೇ ಎಲ್ಲರೂ ತೆಗೆದ ಮೇಲೂ ಒಬ್ಬರು ಹಾಕಿಕೊಂಡಿದ್ದರೆ "ಇನ್ನೂ ಯಾಕೆ?" ಎಂದು ಕೆದಕಬೇಡಿ.

ಹಂತ 9: ತೆಗೆಯುವ ದಿನ

ಇದನ್ನು ಯಾರೂ ಮೊದಲು ಯೋಚಿಸಿರಲಿಲ್ಲ, ಆದರೆ ಬಹಳ ಜನಕ್ಕೆ ತೆಗೆಯುವುದೇ ಕಷ್ಟವಾಯಿತು. ಜಪಾನಿನಲ್ಲಿ 2023ರ ಮಾರ್ಚ್ 13ರಿಂದ ಮಾಸ್ಕ್ ಅವರವರ ಇಷ್ಟ ಎಂದಾದ ಮೇಲೂ ಎಷ್ಟೋ ಜನ ತೆಗೆಯಲಿಲ್ಲ. ಅಲ್ಲಿ ಮಾಸ್ಕಿಗೆ 'ಕಾವೊ ಪಾಂಟ್ಸು', ಅಂದರೆ ಮುಖದ ಚಡ್ಡಿ, ಎಂಬ ಹೆಸರೇ ಬಿದ್ದಿತ್ತು. ನಗು ಬರುತ್ತದೆ, ಆದರೆ ಆ ಸಂಕೋಚ ನಿಜ. ಹಲ್ಲು, ಮೊಡವೆ, ಮೀಸೆ, ಎಲ್ಲ ಒಮ್ಮೆಲೇ ಬಯಲಾಗುತ್ತದೆ. ಒಂದೇ ದಿನ ಎಲ್ಲ ಕಡೆ ತೆಗೆಯಬೇಕೆಂದಿಲ್ಲ. ಮೊದಲು ಬಯಲಿನಲ್ಲಿ, ಆಪ್ತರ ಜೊತೆ, ಆಮೇಲೆ ಕೆಲಸದ ಜಾಗದಲ್ಲಿ.

ಮಾಸ್ಕ್ ಕಾಲದಲ್ಲೇ ಪರಿಚಯವಾದವರ ಪೂರ್ತಿ ಮುಖ ಮೊದಲ ಸಲ ನೋಡುವಾಗ ಒಂದು ಕ್ಷಣ ತಬ್ಬಿಬ್ಬಾಗುತ್ತದೆ, ಏಕೆಂದರೆ ಕಾಣದ ಅರ್ಧ ಮುಖವನ್ನು ನಿಮ್ಮ ತಲೆ ತನಗೆ ತೋಚಿದ ಹಾಗೆ ಬಿಡಿಸಿಟ್ಟಿರುತ್ತದೆ. "ಓ, ನೀವು ಹೀಗಿದ್ದೀರಾ!" ಎಂಬ ಮಾತು ನಾಲಗೆ ತುದಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಂಡು, ಹೆಸರು ಕರೆದು, ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮಾತು ಮುಂದುವರಿಸಿ. ಅವರಿಗೂ ನಿಮ್ಮ ಮುಖ ಹೊಸದೇ.